ಇದು ಹೊಳೆಯ ಬಿಳುಪಲ್ಲ

ಕ್ಯೋತೊ,
೪ ಫೆಬ್ರವರಿ ೧೯೯೬

ತೊಕುಹಿರೊ ಕಾಗದ ಕಂಪನಿಯ ಮೂರನೇ ತಲೆಮಾರಿನ ಅಧ್ಯಕ್ಷನೂ, ನನಗಿಂತ ಆರು ವರ್ಷ ಚಿಕ್ಕ ತಮ್ಮನೂ ಆದ ಮೊರಿಯೊಗೆ,

ಪತ್ರ ಬರೆಯುವಾಗ ಮೊದಲು ಹವೆಯ ಮಾತು, ಆಮೇಲೆ ಆರೋಗ್ಯದ ಮಾತು ಬರೆಯಬೇಕೆಂದು ನಮ್ಮಿಬ್ಬರಿಗೂ ಒಬ್ಬರೇ ಮೇಷ್ಟ್ರು ಕಲಿಸಿದ್ದರು. ನೀನು ಎರಡನ್ನೂ ಚಾಚೂ ತಪ್ಪದೆ ಬರೆದಿದ್ದೀಯ. ಊರಲ್ಲಿ ಪ್ಲಮ್ ಮೊಗ್ಗು ಬಿರಿಯುತ್ತಿದೆಯಂತೆ, ನನ್ನ ಮೊಣಕಾಲು ಹೇಗಿದೆಯಂತೆ. ಮೂವತ್ತೊಂದು ವರ್ಷ ನೆನಪಾಗದ ಮೊಣಕಾಲು ಈಗ ನೆನಪಾಗಿದೆ ಎಂದರೆ ಏನೋ ಬೇಕಾಗಿದೆ ಎಂದು ಕವರು ಒಡೆಯುವ ಮೊದಲೇ ತಿಳಿಯಿತು. ನಿನ್ನೆ ಇಲ್ಲಿ ಮನೆಮನೆಯಲ್ಲೂ ಹುರಿದ ಕಾಳು ಎಸೆದು ದೆವ್ವ ಓಡಿಸಿದರು. ನಾನೂ ಬಾಗಿಲಲ್ಲಿ ನಿಂತು ಒಂದು ಹಿಡಿ ಎಸೆದೆ. ಇವತ್ತು ಬೆಳಿಗ್ಗೆ ನಿನ್ನ ಪಾರ್ಸೆಲ್ ಬಂತು. ಎಸೆದದ್ದು ಸಾಲಲಿಲ್ಲ ಅಂತ ಕಾಣುತ್ತದೆ.

ಪಾರ್ಸೆಲ್ಲಿನಲ್ಲಿ ಒಂದು ಪೆಟ್ಟಿಗೆ ಚಕ್ಕೋತ ಇತ್ತು. ‘ಬಿಳುಪಿನ ನೂರು ವರ್ಷ’ ಎಂಬ ಹೆಸರಿನ ಕಂಪನಿ ಚರಿತ್ರೆಯ ಕರಡು ಇತ್ತು, ಇನ್ನೂರ ಹನ್ನೆರಡು ಪುಟ. ರಟ್ಟಿನ ಕೊಳವೆಯೊಳಗೆ ಸುತ್ತಿಟ್ಟ ಒಂದು ತೆಳು ಹಾಳೆ, ಮತ್ತೆ ನಿನ್ನ ನಾಲ್ಕು ಪುಟದ ಪತ್ರ. ಅದರಲ್ಲಿ ಮೂರೂವರೆ ಪುಟ ನನ್ನ ಗುಣಗಾನ. ಉಳಿದ ಅರ್ಧ ಪುಟಕ್ಕೆ ‘ಅಂದಹಾಗೆ’ ಎಂದು ಶುರುಮಾಡಿ ಹೊಟ್ಟೆಯೊಳಗಿದ್ದದ್ದನ್ನು ಹೊರಗೆ ಹಾಕಿದ್ದೀಯ. ಹೊರದೇಶದ ಒಂದು ವಸ್ತುಸಂಗ್ರಹಾಲಯ ಹಳೆಯ ಚಿತ್ರಗಳ ದುರಸ್ತಿಗೆಂದು, ನಾರಿನ ತೊಟ್ಟಿಯಿಂದ ಜಾಲರಿಯಲ್ಲಿ ಕೈಯಾರೆ ಎತ್ತಿದ ಮುನ್ನೂರು ಹಾಳೆ ಕೇಳಿದೆ. ಮೇ ತಿಂಗಳಲ್ಲಿ ಶತಮಾನೋತ್ಸವಕ್ಕೆ ಟೀವಿಯವರು ಬಂದು ಅದನ್ನು ಎತ್ತುವುದನ್ನೇ ಚಿತ್ರ ತೆಗೆಯುತ್ತಾರೆ. ನಿನ್ನ ಮಗಳು ಚಿಹಾರು ನಾಲ್ಕು ವರ್ಷ ಕೂತು ಕೈಗೆಲಸ ಕಲಿತಿದ್ದಾಳೆ, ಆದರೆ ಅಷ್ಟು ತೆಳು ಹಾಳೆ ಬರಬೇಕಾದರೆ ಅಮ್ಮನ ಬಿದಿರ ಜಾಲರಿಯೇ ಆಗಬೇಕು. ಅಂಥ ಜಾಲರಿ ಹೆಣೆಯುವವರು ಈಗ ಯಾರೂ ಬದುಕಿಲ್ಲ. ಆದ್ದರಿಂದ ‘ಕಂಪನಿಯಿಂದ ತೆಗೆದುಕೊಂಡು ಹೋಗಿದ್ದನ್ನು’ ನಾನು ವಾಪಸು ಕಳಿಸಬೇಕು. ಜೊತೆಗೆ ಎಂಬತ್ತೆಂಟನೇ ಪುಟದ ಕೆಳಗೆ ಮನೆಯವಳಾಗಿ ನನ್ನ ಆಕ್ಷೇಪವಿಲ್ಲವೆಂದು ಸಹಿ ಹಾಕಬೇಕು.

ಜಾಲರಿ ಕಂಪನಿಯದ್ದಲ್ಲ. ಅದನ್ನು ಹೆಣೆದವನು ಅಮ್ಮನ ಅಪ್ಪ. ನೂಲಿನಷ್ಟು ಸಣ್ಣಗೆ ಸೀಳಿದ ಬಿದಿರ ಕಡ್ಡಿಗಳನ್ನು ರೇಷ್ಮೆ ದಾರದಲ್ಲಿ ಕಟ್ಟುತ್ತ, ಮಗಳ ಮದುವೆಗೆಂದು ಎರಡು ವರ್ಷ ಕೂತಿದ್ದ. ಅಮ್ಮ ಅದನ್ನು ತವರಿನಿಂದ ತಂದಳು, ಸಾಯುವಾಗ ನನ್ನ ಕೈಗೆ ಕೊಟ್ಟಳು. ಅವಳ ಕಡೆಯವರಲ್ಲಿ ಜಾಲರಿ ಹೆಣ್ಣಿನ ಹಿಂದೆ ಹೋಗುತ್ತದೆಯೇ ಹೊರತು ಮನೆಯ ಹಿಂದೆ ಅಲ್ಲ. ಇದು ನಿನಗೆ ಗೊತ್ತು. ಗೊತ್ತಿದ್ದೂ ‘ತೆಗೆದುಕೊಂಡು ಹೋಗಿದ್ದು’ ಎಂದು ಬರೆಯುವುದು ನಿನಗೆ ಮಾತ್ರ ಬರುವ ವಿದ್ಯೆ.

ಜಾಲರಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಪುಸ್ತಕ.

ಬೆಳಿಗ್ಗೆಯಿಂದ ಓದಿದೆ. ಬರೆದವನು ಯಾರೋ ಓಸಾಕದ ಹುಡುಗನಂತೆ. ಅವನನ್ನು ಬೈಯುವುದಿಲ್ಲ, ನೀನು ಹೇಳಿದ್ದನ್ನು ಬರೆದಿದ್ದಾನೆ. ಏಳನೇ ಪುಟದಲ್ಲಿ ನಮ್ಮ ಅಜ್ಜ ಹೊಳೆಯ ಮೇಲಿನ ಮಂಜು ನೋಡಿ ಅಷ್ಟೇ ತೆಳುವಾದ ಕಾಗದದ ಕನಸು ಕಂಡನಂತೆ. ಅಜ್ಜ ಬೆಳಗಿನ ಮಂಜು ನೋಡಿದ್ದು ಹೆಂಡ ಕುಡಿದು ದಾರಿಯಲ್ಲಿ ಮಲಗೆದ್ದ ದಿನಗಳಲ್ಲಿ ಮಾತ್ರ. ಆ ವರ್ಷ ಕಾಗದದ ಗಿಡ ಕೋಜೊವಿನ ತೊಗಟೆ ಸಿಗದೆ, ಇದ್ದ ನಾರನ್ನೇ ಎಳೆದೆಳೆದು ತೆಳ್ಳಗೆ ಎತ್ತಿದರು. ಕೋಬೆಯ ವ್ಯಾಪಾರಿ ಅದನ್ನೇ ಕೈಚಳಕ ಎಂದುಕೊಂಡ, ನಮ್ಮವರು ಹೌದು ಅಂದರು. ಕಂಪನಿ ಹುಟ್ಟಿದ್ದು ಹಾಗೆ. ಟೈಪು ಮಾಡುವ ಸ್ಟೆನ್ಸಿಲ್ಲಿಗೆ ನಮ್ಮ ಹಾಳೆ ಅಮೆರಿಕಕ್ಕೆ ಹಡಗು ಹತ್ತಿದ ಕಥೆಗೆ ಇಪ್ಪತ್ತು ಪುಟ ಕೊಟ್ಟಿದ್ದೀಯ. ಯುದ್ಧಕ್ಕೆ ಒಂದೂವರೆ ಸಾಲು. ಹನ್ನೆರಡು ವರ್ಷದ ನಾವು ಹುಡುಗಿಯರು ಶಾಲೆ ಬಿಟ್ಟು, ಅಮೆರಿಕದತ್ತ ಗಾಳಿಗೆ ಬಿಡುವ ಬಾಂಬಿನ ಬಲೂನಿಗೆ ಕಾಗದ ಅಂಟಿಸುತ್ತ, ಗೆಡ್ಡೆಯ ಗೋಂದಿನಲ್ಲಿ ಬೆರಳ ತುದಿ ಸವೆಸಿಕೊಂಡದ್ದು ಅದರಲ್ಲಿ ಹಿಡಿಸಲಿಲ್ಲ. ಅಮ್ಮನಿಗೂ ಒಂದೇ ಸಾಲು. ‘ಎರಡನೇ ಅಧ್ಯಕ್ಷರ ಪತ್ನಿ ಮನೆವಾರ್ತೆ ನೋಡಿಕೊಂಡರು.’ ನಿನ್ನ ಕಂಪನಿಗೆ ಹೆಸರು ತಂದ ಹಾಳೆಗಳನ್ನೆಲ್ಲ ಎತ್ತಿದ ಹೆಂಗಸು ಮನೆವಾರ್ತೆ ನೋಡಿಕೊಂಡಳು.

ತೊಂಬತ್ತನೇ ಪುಟದಲ್ಲಿ ನಿನ್ನದೊಂದು ಫೋಟೋ ಇದೆ. ತೊಟ್ಟಿಯ ಮುಂದೆ ಹಣೆಗೆ ಬಟ್ಟೆ ಕಟ್ಟಿ, ಜಾಲರಿಯ ಚೌಕಟ್ಟು ಹಿಡಿದು ನಿಂತಿದ್ದೀಯ. ‘ಪರಂಪರೆಯ ಕೈಗೆಲಸದಲ್ಲಿ ತೊಡಗಿರುವ ಅಧ್ಯಕ್ಷರು’ ಎಂದು ಕೆಳಗೆ ಬರೆದಿದೆ. ಮೊರಿಯೊ, ಚೌಕಟ್ಟನ್ನು ತಲೆಕೆಳಗು ಹಿಡಿದಿದ್ದೀಯ. ಟೀವಿಯವರು ಬರುವ ಮೊದಲು ಮಗಳನ್ನು ಕೇಳಿ ಸರಿಯಾಗಿ ಹಿಡಿಯುವುದನ್ನು ಕಲಿತುಕೋ.

ಇವೆಲ್ಲ ಹೋಗಲಿ. ಕಂಪನಿ ಚರಿತ್ರೆ ಎಂದ ಮೇಲೆ ಸ್ವಲ್ಪ ಸುಣ್ಣ ಬಳಿಯುತ್ತಾರೆ, ಎಲ್ಲ ಮನೆಗಳೂ ಬಳಿಯುತ್ತವೆ. ಎಂಬತ್ತೆಂಟನೇ ಪುಟ ಅಂಥದ್ದಲ್ಲ. ನೀನೇ ಓದಿದ್ದೀಯೋ ಇಲ್ಲವೋ, ಅದಕ್ಕೇ ಇಲ್ಲಿ ಎತ್ತಿ ಬರೆಯುತ್ತೇನೆ. ‘೧೯೬೨ರಲ್ಲಿ ವಿದೇಶಕ್ಕೆ ಕಳಿಸಿದ ದುರಸ್ತಿ ಹಾಳೆಗಳಲ್ಲಿ ಮೂರು ವರ್ಷಗಳ ನಂತರ ಕಂದು ಕಲೆಗಳು ಕಂಡವು. ಕಸ ಆರಿಸುವ ವಿಭಾಗದ ವಯಸ್ಸಾದ ಕೆಲಸಗಾರ್ತಿಯೊಬ್ಬರ ದೃಷ್ಟಿ ಮಂದವಾಗಿದ್ದೇ ಇದಕ್ಕೆ ಕಾರಣವಾಗಿತ್ತು. ಈ ಕಹಿ ಅನುಭವದಿಂದ ಪಾಠ ಕಲಿತು, ಅಂದಿನ ಯುವ ನಿರ್ದೇಶಕ ಮೊರಿಯೊ ಅವರ ದೂರದೃಷ್ಟಿಯಿಂದ ಕಂಪನಿ ಯಂತ್ರದ ಹಾದಿ ಹಿಡಿಯಿತು.’

ಅವಳ ಹೆಸರು ಕೂಡ ಹಾಕಿಲ್ಲ. ವಯಸ್ಸಾದ ಕೆಲಸಗಾರ್ತಿ. ಅವಳ ಹೆಸರು ಇಸೊ. ಅಮ್ಮ ಹೋದಾಗ ನೀನು ಏಳು ವರ್ಷದವನು. ಒಂದು ತಿಂಗಳು ಇಸೊಳ ಬೆನ್ನ ಮೇಲಿನಿಂದ ಕೆಳಗಿಳಿದಿರಲಿಲ್ಲ. ಅವಳು ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ನೀರಿನಲ್ಲಿ ಕೈಯಾಡಿಸಿ ಕಸ ಆರಿಸುತ್ತಿದ್ದಳು.

ಆ ಕೆಲಸ ಏನೆಂದು ನಿನ್ನ ಓಸಾಕದ ಹುಡುಗನಿಗೆ ಗೊತ್ತಿರಲಿಕ್ಕಿಲ್ಲ, ಅವನಿಗೆ ಓದಿ ಹೇಳು. ಬೇಯಿಸಿ ತೊಳೆದ ತೊಗಟೆಯ ನಾರನ್ನು ಕೊರೆಯುವ ನೀರಿನ ಬುಟ್ಟಿಯಲ್ಲಿ ತೇಲಿಬಿಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಕರಿ ಚೂರನ್ನು ಬೆರಳಲ್ಲಿ ತೆಗೆಯಬೇಕು. ಸಾಸಿವೆಯ ಕಾಲುಭಾಗದಷ್ಟು ಕಸ ಉಳಿದರೂ ಹಾಳೆಯಲ್ಲಿ ಅದು ನೊಣ ಕೂತಂತೆ ಕಾಣುತ್ತದೆ. ಇಸೊ ಮೂವತ್ತೆಂಟು ವರ್ಷ ಅದನ್ನು ಮಾಡಿದಳು. ಸಂಜೆ ದೀಪ ಹಚ್ಚುವ ಮೊದಲೇ ಮಸುಕು ಬೆಳಕಲ್ಲಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಮೂವತ್ತು ವರ್ಷದವಳು ಪೋಣಿಸಲಾಗದೆ ಅವಳ ಕೈಗೆ ಕೊಡುತ್ತಿದ್ದೆ. ಅಂಥವಳ ದೃಷ್ಟಿ ಮಂದವಾಗಿತ್ತಂತೆ.

ನಡೆದದ್ದನ್ನು ಈಗ ನಾನು ಬರೆಯುತ್ತೇನೆ. ನಿನಗೆ ಮರೆತಿದ್ದರೆ ನೆನಪಾಗಲಿ, ನೆನಪಿದ್ದರೆ ಇನ್ನೂ ಒಳ್ಳೆಯದು.

ಅರವತ್ತೆರಡರ ಚಳಿಗಾಲ. ನಾಲ್ಕು ಸಾವಿರ ಹಾಳೆಯ ಕೆಲಸ, ಮಾರ್ಚ್ ಕೊನೆಗೆ ಕೋಬೆಯ ಬಂದರಿನಲ್ಲಿರಬೇಕು. ಆ ವರ್ಷ ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟಿನ ಕೆಲಸ ನಡೆದು ನೀರು ಬಗ್ಗಡವಾಗಿತ್ತು. ತಿಳಿನೀರಿನಲ್ಲಿ ನಾರನ್ನು ಹರಡಿ, ಬಿಸಿಲು ಬಿದ್ದಂತೆ ಬಿದ್ದಂತೆ ತಿರುವಿಹಾಕಿ, ನಾಲ್ಕೈದು ದಿನಕ್ಕೆ ಅದು ತಾನಾಗಿ ಬೆಳ್ಳಗಾಗಬೇಕು. ಹತ್ತು ದಿನವಾದರೂ ಗೋಣಿಯ ಬಣ್ಣ ಬಿಡಲಿಲ್ಲ. ಅಪ್ಪ ದಿನಾ ದಡದಲ್ಲಿ ನಿಂತು ಅಣೆಕಟ್ಟಿನವರ ವಂಶವನ್ನೆಲ್ಲ ಬೈಯುತ್ತಿದ್ದರು. ನೀನು ತಾಂತ್ರಿಕ ಶಾಲೆ ಮುಗಿಸಿ ಬಂದು ಒಂದು ವರ್ಷವಾಗಿತ್ತು. ಅಪ್ಪನಿಗೆ ಏನಾದರೂ ಮಾಡಿ ತೋರಿಸಬೇಕೆಂಬ ಆತುರ ನಿನಗೆ. ಒಂದು ಮಧ್ಯಾಹ್ನ ಹೆಂಗಸರೆಲ್ಲ ಊಟಕ್ಕೆ ಹೋದಾಗ ತೊಳೆಯುವ ತೊಟ್ಟಿಗೆ ನೀನು ಬ್ಲೀಚಿಂಗ್ ಪೌಡರ್ ಸುರಿದೆ. ಮಾರನೆಯ ದಿನಕ್ಕೆ ನಾರು ಹಾಲಿನಂತೆ ಬೆಳ್ಳಗಿತ್ತು. ಆ ಮದ್ದು ಬಿಟ್ಟುಹೋಗಬೇಕಾದರೆ ವಾರಗಟ್ಟಲೆ ತೊಳೆಯಬೇಕು, ನೀನು ಎರಡು ಸಲ ನೀರು ಬದಲಿಸಿದೆ. ಅಪ್ಪ ಹೊಳೆಯೇ ಕೊನೆಗೂ ಕಣ್ಣು ಬಿಟ್ಟಿತು ಎಂದು ಕೈಮುಗಿದರು. ನೀನು ಪಕ್ಕದಲ್ಲಿ ನಿಂತು ಕೈಮುಗಿದೆ.

ಇಸೊ ಒಬ್ಬಳೇ ಮೂಗು ಮುರಿದಳು. ಅವಳ ಬೆರಳಿನ ಚರ್ಮ ಎರಡು ದಿನದಲ್ಲಿ ಕಿತ್ತುಬಂದಿತ್ತು. ಒದ್ದೆ ನಾರಿನ ಒಂದು ಉಂಡೆ ಹಿಡಿದು ಅಪ್ಪನ ಮುಂದೆ ಹೋಗಿ ನಿಂತಳು. ನಾನು ಅಲ್ಲೇ ಲೋಳೆ ಸೋಸುತ್ತಿದ್ದೆ, ಬೆಂಡೆ ಜಾತಿಯ ಆ ಗಿಡದ ಬೇರಿನ ಲೋಳೆ ತೊಟ್ಟಿಗೆ ಸೇರದೆ ತೆಳು ಹಾಳೆ ಏಳುವುದಿಲ್ಲವಲ್ಲ.

“ಯಜಮಾನ್ರೆ, ಒಂದ್ಸಲ ಮೂಸಿ ನೋಡಿ. ಇದು ಹೊಳೆಯ ಬಿಳುಪಲ್ಲ,” ಎಂದಳು.

“ಮತ್ತೆ ಯಾರ ಮನೆ ಬಿಳುಪೇ? ಮಂಜಿನ ನೀರಲ್ಲಿ ಕೈ ಒಡೆದಿದೆ ನಿಂಗೆ, ಅಷ್ಟೇ. ಹೋಗು, ಕೊಬ್ಬು ಹಚ್ಕೋ,” ಎಂದರು ಅಪ್ಪ.

“ಕೈ ವರ್ಷಾ ವರ್ಷಾ ಒಡೆಯುತ್ತೆ. ಹಿಂಗೆ ಉರಿಯಲ್ಲ. ಈ ಹಾಳೆ ಕಳಿಸ್ಬೇಡಿ, ನಾಲ್ಕು ದಿನ ತಡ ಆದ್ರೆ ಆಗ್ಲಿ.”

“ಕಸ ಆರಿಸೋಳು ಕಸ ಆರಿಸ್ಬೇಕು ಇಸೊ. ಬಿಳುಪು ನೋಡೋಕೆ ನಾನಿದೀನಿ.”

ಹಾಳೆಗಳನ್ನು ಎತ್ತಿದವಳು ನಾನು. ಅಮ್ಮನ ಜಾಲರಿಯಲ್ಲೇ ಎತ್ತಿದೆ. ನನ್ನ ಮೂಗಿಗೆ ವಾಸನೆ ಬಂದಿರಲಿಲ್ಲವೇ? ಬಂದಿತ್ತು. ಶೆಡ್ಡಿನ ಹಿಂದೆ ಖಾಲಿ ಡಬ್ಬ ಕಂಡಿದ್ದೆ, ಕಾಲಲ್ಲಿ ನೂಕಿ ಸೌದೆಯ ಕೆಳಗೆ ಹಾಕಿದೆ. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಮೂರು ವರ್ಷದ ಮೇಲೆ ದೂರು ಬಂತು. ಹಾಳೆ ಅಂಟಿಸಿದ ಚಿತ್ರಗಳ ಬೆನ್ನೆಲ್ಲ ಕಂದಾಗಿ, ಬೆರಳು ತಾಗಿದರೆ ಪುಡಿಯಾಗುತ್ತಿದೆ ಎಂದು. ಕೋಬೆಯಿಂದ ವ್ಯಾಪಾರಿಗಳು ಮೂವರು ಬಂದರು, ಯಾರ ತಪ್ಪು ಎಂದು ಕೇಳಿದರು. ಅವರಿಗೆ ಒಂದು ಹೆಸರು ಬೇಕಿತ್ತು. ನಮ್ಮ ಮನೆಯಲ್ಲಿ ಕೆಟ್ಟ ಹಾಳೆಯನ್ನು ಏನು ಮಾಡುತ್ತಾರೆ ಎಂದು ನಿನಗೆ ಗೊತ್ತಲ್ಲ. ಒಣಗುವ ಮೊದಲು ಸುರುಳಿ ಮಾಡಿ ವಾಪಸು ತೊಟ್ಟಿಗೆ ಹಾಕುತ್ತಾರೆ. ಕಲಕಿದರೆ ಮುಗಿಯಿತು, ಅದೊಂದು ಹಾಳೆ ಇತ್ತೆಂಬ ಗುರುತೂ ಉಳಿಯುವುದಿಲ್ಲ. ಇಸೊಳನ್ನು ಹಾಗೆ ಹಾಕಿದರು. ಅವಳ ಕಣ್ಣು ಮಂಜಾಗಿದೆ, ಕಸ ಉಳಿದಿದೆ, ಅದೇ ಕಲೆಯಾಗಿದೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಯಾರು ಎಂಬುದಕ್ಕೆ ಆಮೇಲೆ ಬರುತ್ತೇನೆ. ಅಪ್ಪ ನಂಬಿದರೋ, ನಂಬುವುದು ಅನುಕೂಲವಾಗಿತ್ತೋ, ಇವತ್ತಿಗೂ ನನಗೆ ತಿಳಿಯದು.

ಅಪ್ಪ ಅವಳನ್ನು ಕರೆಸಿ ಮಣ್ಣಿನ ನೆಲದ ಮೇಲೆ ಹಣೆಯಿಟ್ಟು ಕ್ಷಮೆ ಕೇಳು ಎಂದರು. ಅವಳು ಒಂದು ಸಲ ಸುತ್ತ ನೋಡಿದಳು. ನೀನು ಕಂಬದ ಪಕ್ಕ ನಿಂತು ನಿನ್ನ ಷೂ ನೋಡುತ್ತಿದ್ದೆ. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವಳು ಹಣೆಯಿಟ್ಟಳು. ವ್ಯಾಪಾರಿಗಳಿಗೆ ಸಮಾಧಾನವಾಯಿತು, ಚಹಾ ಕುಡಿದರು, ಆ ಸಲದ ಬೆಲ್ಲದ ಮಿಠಾಯಿ ಚೆನ್ನಾಗಿದೆ ಎಂದರು. ಮಾರನೇ ದಿನದಿಂದ ಇಸೊ ಕೆಲಸಕ್ಕೆ ಬರಲಿಲ್ಲ. ಸುತ್ತಲ ಹಳ್ಳಿಯ ಒಬ್ಬರೂ ಅವಳನ್ನು ತೊಗಟೆ ಸುಲಿಯಲೂ ಕರೆಯಲಿಲ್ಲ, ಕಣ್ಣು ಹೋದವಳು ಎಂದು. ಅರವತ್ತೆಂಟರಲ್ಲಿ ತೀರಿಕೊಂಡಳು.

ನೀನು ಆಗ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಅಪ್ಪ ನಾಲ್ಕು ಬಾರಿಸುತ್ತಿದ್ದರು, ಒಂದು ವರ್ಷ ಮಾತಾಡುತ್ತಿರಲಿಲ್ಲ, ಆಮೇಲೆ ನಿನ್ನನ್ನೇ ಅಧ್ಯಕ್ಷ ಮಾಡುತ್ತಿದ್ದರು. ಇನ್ನೊಬ್ಬ ಮಗ ಎಲ್ಲಿದ್ದ? ನಿನಗೆ ಹೋಗುತ್ತಿದ್ದದ್ದು ಒಂದು ವರ್ಷದ ಮರ್ಯಾದೆ. ಅದನ್ನು ಉಳಿಸಿಕೊಳ್ಳಲು ಮೂವತ್ತೆಂಟು ವರ್ಷದ ಕೈಗಳನ್ನು ತೊಟ್ಟಿಗೆ ಹಾಕಿದೆ. ಈಗ ಆ ಪೌಡರ್ ಸುರಿದ ಕೈಯಿಂದಲೇ ‘ದೂರದೃಷ್ಟಿ’ ಎಂದು ಬರೆಸಿಕೊಳ್ಳುತ್ತೀಯ. ಯಂತ್ರ ತಂದದ್ದು ದೂರದೃಷ್ಟಿಯಿಂದಲ್ಲ. ಅರವತ್ತೈದರ ಜೂನ್‌ನಲ್ಲಿ ನಾನು ಮನೆ ಬಿಟ್ಟೆ, ಜಾಲರಿ ನನ್ನ ಜೊತೆ ಹೋಯಿತು. ಎತ್ತುವ ಕೈಯೂ ಇಲ್ಲ, ಎತ್ತುವ ಸಾಮಾನೂ ಇಲ್ಲ, ನೀನು ಇನ್ನೇನು ಮಾಡುತ್ತಿದ್ದೆ? ಕಾಫಿ ಸೋಸುವ ಕಾಗದ ಮಾಡಿದೆ, ಬ್ಯಾಟರಿಯೊಳಗಿನ ಕಾಗದ ಮಾಡಿದೆ. ಅವೂ ಒಳ್ಳೆಯ ಕಾಗದಗಳೇ, ನಾನು ಅವನ್ನು ಹೀಯಾಳಿಸುವುದಿಲ್ಲ. ಇನ್ನೂರು ಮನೆಗಳಲ್ಲಿ ಒಲೆ ಉರಿಯುತ್ತಿರುವುದು ಅವುಗಳಿಂದ. ಹೇಗೆ ಶುರುವಾಯಿತು ಎಂಬುದನ್ನು ಮಾತ್ರ ನನ್ನ ಮುಂದೆ ಹೇಳಬೇಡ.

ಇಲ್ಲಿ ಕ್ಯೋತೊದಲ್ಲಿ ಹಳೆಯ ಚಿತ್ರಗಳಿಗೆ ಹೊಸ ಬೆನ್ನು ಅಂಟಿಸುವ ಒಬ್ಬರ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಅಂಟು ಕಾಸಿದೆ, ಅದು ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಇದು. ಎಪ್ಪತ್ತೊಂದರಲ್ಲಿ ಹೊರದೇಶದಿಂದ ಒಂದು ಸುರುಳಿ ಚಿತ್ರ ದುರಸ್ತಿಗೆ ಬಂತು. ಬೆನ್ನಿನ ಕಾಗದ ಬಿಡಿಸಿದರೆ ನಮ್ಮದೇ ಹಾಳೆ, ಅರವತ್ತೆರಡರದ್ದು. ನನ್ನ ಎಡಗೈ ಸ್ವಲ್ಪ ಭಾರ, ಆ ಅಂಚು ಕೂದಲೆಳೆಯಷ್ಟು ದಪ್ಪ ಬರುತ್ತದೆ. ಹಾಗಾಗಿ ಅದು ನನ್ನದೇ ಎಂದು ಗೊತ್ತಾಯಿತು. ಹಳೆಯ ಚಹಾದ ಬಣ್ಣಕ್ಕೆ ತಿರುಗಿತ್ತು. ನಮ್ಮ ಮಾಲೀಕರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಇದು ಕಸದ ಕಲೆ ಅಲ್ಲಮ್ಮ. ಕಸ ಆದ್ರೆ ಚುಕ್ಕೆ ಚುಕ್ಕೆ ಇರುತ್ತೆ. ಇದು ಪೂರ್ತಿ ಸುಟ್ಟಿದೆ. ಯಾವನೋ ಅವಸರಗೇಡಿ ಮದ್ದು ಹಾಕಿದಾನೆ,” ಎಂದರು. ಆಮೇಲೆ, “ನಿಮ್ಮ ಕಡೆ ಕಾಗದ ಅಲ್ವಾ ಇದು?” ಎಂದು ಕೇಳಿದರು.

ನಾನು ಅಲ್ಲ ಎಂದೆ.

ಆ ಹಾಳೆಯನ್ನು ಒದ್ದೆ ಮಾಡಿ ಚೂರು ಚೂರಾಗಿ ಕಿತ್ತು ತೆಗೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಕೆಳಗೆ ಒಂದು ಕೊಕ್ಕರೆಯ ಚಿತ್ರವಿತ್ತು. ಅದರ ಒಂದು ಕಾಲು ಹಾಳೆಯ ಜೊತೆಗೇ ಬಂದುಬಿಟ್ಟಿತು.

ಈಗ ಜಾಲರಿಯ ಮಾತು. ನೀನು ಕಳಿಸಿದ ಚಿಹಾರುವಿನ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಹುಡುಗಿ ಎಲ್ಲೋ ಸಾಧಾರಣ ಜಾಲರಿಯಲ್ಲಿ ಎತ್ತಿದ್ದಾಳೆ, ಇದಕ್ಕಿಂತ ತೆಳುವಾಗಿ ಅದರಲ್ಲಿ ಯಾರಿಗೂ ಬರುವುದಿಲ್ಲ. ನಾರು ನಾಲ್ಕೂ ಕಡೆಗೆ ಸರಿಯಾಗಿ ಹರಡಿದೆ. ಎಡಗಡೆಯ ಅಂಚು ಸ್ವಲ್ಪ ದಪ್ಪ. ಆ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಅವಳು ನನ್ನನ್ನು ಒಮ್ಮೆಯೂ ನೋಡಿಲ್ಲ, ನನ್ನ ಕೈ ಎಲ್ಲಿಂದ ಬಂತು ಅವಳಿಗೆ? ನಿನ್ನ ಮೇಲಿನ ಸಿಟ್ಟಿಗೆ ಆ ಹುಡುಗಿಯ ಕೈ ಕಟ್ಟಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಜಾಲರಿ ಅವಳಿಗೆ ಸಿಗಬೇಕು. ನಿನಗಲ್ಲ, ಕಂಪನಿಗಲ್ಲ, ಅವಳಿಗೆ.

ಆದರೆ ಅದು ನನ್ನ ಬಳಿ ಇಲ್ಲ ಮೊರಿಯೊ. ಇಷ್ಟು ವರ್ಷವೂ ಇರಲಿಲ್ಲ. ನಿನ್ನ ಆಫೀಸಿನ ಕಿಟಕಿಯಿಂದ ಎಡಕ್ಕೆ ನೋಡಿದರೆ ಗುಡ್ಡದ ಮೇಲೆ ಯೂಜು ನಿಂಬೆಯ ತೋಟ, ಅದರ ಪಕ್ಕ ಒಂದು ತಗಡಿನ ಮಾಡು ಕಾಣುತ್ತದೆ. ಅದು ಇಸೊಳ ಮನೆ. ಈಗ ಅವಳ ಮಗಳು ಫುಸಾ ಇದ್ದಾಳೆ. ಮನೆ ಬಿಟ್ಟ ದಿನ ಬಸ್ಸಿಗೆ ಹೋಗುವ ಮೊದಲು ಆ ಗುಡ್ಡ ಹತ್ತಿ, ಜಗಲಿಯ ಮೇಲೆ ಜಾಲರಿ ಇಟ್ಟು, ಕರೆಯದೆ ಓಡಿ ಬಂದೆ. ಒಳಗೆ ಇಸೊ ಕೆಮ್ಮುವುದು ಕೇಳಿಸುತ್ತಿತ್ತು. ಕಳ್ಳಿಯ ಹಾಗೆ ಬಂದೆ.

ಇಸೊ ತೀರಿಕೊಂಡ ವರ್ಷ ಫುಸಾಳಿಂದ ಒಂದು ಕಾರ್ಡು ಬಂತು. ನನ್ನ ವಿಳಾಸ ಹೇಗೆ ಹಿಡಿದಳೋ. ‘ಅಮ್ಮ ವರ್ಷಕ್ಕೊಮ್ಮೆ ಚಳಿ ಶುರುವಾಗುವಾಗ ಜಾಲರಿಯನ್ನು ಹೊಳೆಗೆ ಒಯ್ದು ತೊಳೆದು, ನೆರಳಲ್ಲಿ ಒಣಗಿಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ತೊಲೆಯ ಮೇಲೆ ಇಡುತ್ತಿದ್ದಳು. ಇನ್ನು ಮುಂದೆ ನಾನು ತೊಳೆಯುತ್ತೇನೆ. ಆ ಮನೆಯವರು ಯಾರಾದರೂ ಬಂದು ಕೇಳಿದರೆ ಕೊಡು, ಆದರೆ ಯಾಕೆ ಇಲ್ಲಿ ತಂದಿಟ್ಟರು ಅಂತ ಅವರ ಬಾಯಿಂದ ಕೇಳಿಕೊಂಡು ಕೊಡು ಎಂದಿದ್ದಾಳೆ.’ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಇಪ್ಪತ್ತೆಂಟು ವರ್ಷದಿಂದ ಆ ಕಾರ್ಡು ನನ್ನ ಹೊಲಿಗೆ ಡಬ್ಬದಲ್ಲಿದೆ. ನಾನು ಹೋಗಿಲ್ಲ. ಸಮುದ್ರದ ಮೇಲೆ ಸೇತುವೆ ಕಟ್ಟಿ ಎಂಟು ವರ್ಷವಾಯಿತು, ಈಗ ರೈಲಿನಲ್ಲಿ ಕೂತರೆ ಮಧ್ಯಾಹ್ನಕ್ಕೆ ಊರು. ಅದನ್ನೂ ದಾಟಿಲ್ಲ.

ಹಾಗಾಗಿ ನಿನ್ನ ಟೀವಿ, ನಿನ್ನ ಮುನ್ನೂರು ಹಾಳೆ, ನಿನ್ನ ಶತಮಾನೋತ್ಸವ ಎಲ್ಲ ಆ ತಗಡಿನ ಮಾಡಿನ ಕೆಳಗೆ ತೊಲೆಯ ಮೇಲಿದೆ. ಗುಮಾಸ್ತನನ್ನು ಕಳಿಸಿದರೆ ಫುಸಾ ಕೊಡುವುದಿಲ್ಲ. ಕಾರು ಮೇಲಿನವರೆಗೆ ಹೋಗುವುದಿಲ್ಲ, ನಡೆಯಬೇಕು. ಕೈಯಲ್ಲಿ ಚಕ್ಕೋತದ ಪೆಟ್ಟಿಗೆ ಹಿಡಿದು ಹೋಗಬೇಡ, ಅವಳು ಅದನ್ನು ಗುಡ್ಡದ ಕೆಳಗೆ ಉರುಳಿಸಿಯಾಳು. ಅವಳ ಅಮ್ಮ ಹಣೆಯಿಟ್ಟ ಹಾಗೆ ನೀನು ಅವಳ ಜಗಲಿಯಲ್ಲಿ ಹಣೆಯಿಟ್ಟು, ಆ ಮಧ್ಯಾಹ್ನ ತೊಟ್ಟಿಗೆ ಏನು ಸುರಿದೆ ಎಂದು ನಿನ್ನ ಬಾಯಿಂದ ಹೇಳಬೇಕು. ಆಮೇಲೆ ಎಂಬತ್ತೆಂಟನೇ ಪುಟವನ್ನು ನೀನೇ ಕೂತು ಬರೆಯಬೇಕು, ಓಸಾಕದ ಹುಡುಗನಲ್ಲ. ಅದರಲ್ಲಿ ಇಸೊಳ ಹೆಸರು ಇರಬೇಕು. ಅವಳು ಅಪ್ಪನಿಗೆ ಹೇಳಿದ ಮಾತು ಇರಬೇಕು, ಇದು ಹೊಳೆಯ ಬಿಳುಪಲ್ಲ ಎಂದದ್ದು. ಆ ಪುಟ ಬಂದರೆ ಸಹಿ ಹಾಕುತ್ತೇನೆ. ಬಾರದಿದ್ದರೆ ಟೀವಿಯವರಿಗೆ ಚೌಕಟ್ಟು ತಲೆಕೆಳಗು ಹಿಡಿದು ತೋರಿಸು.

ಕರಡನ್ನು ಬೇರೆ ಕವರಿನಲ್ಲಿ ವಾಪಸು ಕಳಿಸುತ್ತಿದ್ದೇನೆ. ತಪ್ಪುಗಳಿಗೆ ಕೆಂಪು ಪೆನ್ಸಿಲ್ ಹಾಕಿದ್ದೇನೆ, ಹಾಗಾಗಿ ಪುಸ್ತಕ ಸ್ವಲ್ಪ ಕೆಂಪಾಗಿದೆ. ಚಿಹಾರುವಿನ ಹಾಳೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಎಡಗೈ ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಂಡು ಜಾಲರಿ ತೂಗು ಎಂದು ಅವಳಿಗೆ ಹೇಳು, ಅಂಚು ಸರಿಹೋಗುತ್ತದೆ. ನನಗೆ ಅದನ್ನು ಹೇಳಿಕೊಟ್ಟವಳೂ ಇಸೊಳೇ. ಚಕ್ಕೋತವನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿಬಿಡಬೇಕೆಂದುಕೊಂಡಿದ್ದೆ, ಒಂದನ್ನು ತಿಂದೆ. ಚೆನ್ನಾಗಿತ್ತು. ಅದಕ್ಕೆ ನಿನಗೆ ಥ್ಯಾಂಕ್ಸ್ ಹೇಳಬೇಕಾಗಿ ಬಂದದ್ದು ನನಗೆ ಇಷ್ಟವಿಲ್ಲ.

ನಿನ್ನ ಅಕ್ಕ,
ಕಿನುಎ

ಮರೆತದ್ದು: ಪತ್ರವನ್ನು ಮಡಿಸಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಯಾರು ಎಂಬುದಕ್ಕೆ ಆಮೇಲೆ ಬರುತ್ತೇನೆ ಎಂದು ಬರೆದು ಬರಲೇ ಇಲ್ಲ. ಇಸೊಳ ಕಣ್ಣು ಮಂಜಾಗಿದೆ ಎಂದು ಅಪ್ಪನಿಗೆ ಹೇಳಿದವಳು ನಾನು. ದೂರಿನ ಪತ್ರ ಬಂದ ಬೆಳಿಗ್ಗೆ ನೀನು ನನ್ನ ತೋಳು ಹಿಡಿದು, “ಅಕ್ಕಾ, ಏನಾದ್ರೂ ಮಾಡು, ಅಪ್ಪ ನನ್ನ ಕೊಂದೇ ಹಾಕ್ತಾರೆ,” ಎಂದು ಅತ್ತೆ. ಸಂಜೆಯೊಳಗೆ ಎಲ್ಲ ಸರಿಯಾಯಿತು. ಹೇಗೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ವ್ಯಾಪಾರಿಗಳು ಹೊರಟ ಮೇಲೆ ಇಸೊ ನನ್ನ ಕೋಣೆಯ ಬಾಗಿಲಿಗೆ ಬಂದಳು. ಹಣೆಯ ಮಣ್ಣು ಒರೆಸಿಕೊಂಡಿರಲಿಲ್ಲ. ಕೈಯಲ್ಲಿ ಸೂಜಿ ದಾರ ಇತ್ತು. “ಕಿನು, ಸ್ವಲ್ಪ ಪೋಣಿಸಿಕೊಡೇ. ನನ್ನ ಕಣ್ಣು ಕಾಣಲ್ವಂತೆ,” ಎಂದಳು. ನಾನು ತೆಗೆದುಕೊಂಡೆ. ಮೂರು ಸಲ ತಪ್ಪಿತು. ಅವಳು ನಿಂತು ನೋಡುತ್ತಿದ್ದಳು. ನಾಲ್ಕನೇ ಸಲಕ್ಕೆ ಪೋಣಿಸಿ ಕೊಟ್ಟೆ, ತೆಗೆದುಕೊಂಡು ಹೋದಳು. ಇದನ್ನೂ ಎಂಬತ್ತೆಂಟನೇ ಪುಟಕ್ಕೆ ಹಾಕು, ನನ್ನ ಹೆಸರು ಹಾಕಿಯೇ ಹಾಕು. ಹನ್ನೆರಡನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತೇನೆ. ಸ್ಟಾಪಿನಲ್ಲಿ ನಿಂತಿರು. ಗುಡ್ಡ ಹತ್ತುವಾಗ ನನ್ನ ಜೊತೆ ಮಾತಾಡಬೇಡ. ಜಗಲಿಯಲ್ಲಿ ಮೊದಲು ನಾನು ಹೇಳುತ್ತೇನೆ, ಆಮೇಲೆ ನೀನು.